ಕೇಸ್ ಸ್ಟಡಿಯಲ್ಲಿ ಕ್ಲೈಂಟ್ ಎಲ್ಲಿದ್ದಾರೆ?

ಪ್ರಶ್ನೆ: ನಾನು ಧಾರವಾಡದಲ್ಲಿ ಸೈಕಾಲಜಿ ಎಂ.ಎಸ್ಸಿ. ಓದುತ್ತಿದ್ದೇನೆ, ಮುಂದೆ ಕೌನ್ಸೆಲರ್ ಆಗುವ ಆಸೆ. ವೃತ್ತಿ ನೀತಿಯ ಪೇಪರಿಗೆ ನಮಗೆ ಕೇಸ್ ಸ್ಟಡಿಗಳನ್ನು ಕೊಡುತ್ತಾರೆ. ಎಲ್ಲವೂ "ಥೆರಪಿಸ್ಟ್ ಈಗ ಏನು ಮಾಡಬೇಕು?" ಎಂದೇ ಮುಗಿಯುತ್ತವೆ. ನಾನೂ ಸುಮಾರು ಒಂದು ವರ್ಷದಿಂದ ಒಬ್ಬ ಕೌನ್ಸೆಲರ್ ಹತ್ತಿರ ಹೋಗುತ್ತಿದ್ದೇನೆ. ಅದಕ್ಕೇ ಇರಬೇಕು, ಈ ಕೇಸ್‌ಗಳನ್ನು ಓದುವಾಗ ಕ್ಲೈಂಟ್ ಜಾಗದಲ್ಲಿ ನನ್ನನ್ನೇ ಹುಡುಕುತ್ತೇನೆ. ಅಲ್ಲಿ ಯಾರೂ ಸಿಗುವುದಿಲ್ಲ. ಇದು ನನ್ನ ಅತಿ ಸೂಕ್ಷ್ಮತೆಯಾ? ಇನ್ನೊಂದು ವಿಷಯ: ಹೆಸರು ಬದಲಿಸಿ ನಿಮ್ಮ ಬಗ್ಗೆ ಒಂದು ಕೇಸ್ ಬರೆಯಲೇ ಎಂದು ನನ್ನ ಕೌನ್ಸೆಲರ್ ಕೇಳಿದ್ದಾರೆ. ಒಪ್ಪಲಾ?

ಉತ್ತರ: ಅತಿ ಸೂಕ್ಷ್ಮತೆ ಏನೂ ಅಲ್ಲ. ನೀವು ಕಂಡಿದ್ದು ನಿಜವಾದ ಕೊರತೆ, ಅದೂ ನೂರು ವರ್ಷಕ್ಕಿಂತ ಹಳೆಯದು. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಮೊದಲನೆಯದನ್ನು ಬಿಡಿಸಲೇಬೇಕು. ಹಾಗಾಗಿ ಎರಡನೆಯದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಸ್ವಲ್ಪ ತಾಳ್ಮೆ ಇರಲಿ.

ನೀತಿಯ ಕೇಸ್ ಸ್ಟಡಿ ಬರೆಯುವವರು ಥೆರಪಿಸ್ಟ್‌ಗಳು. ಓದುವವರು ಮುಂದೆ ಥೆರಪಿಸ್ಟ್ ಆಗುವವರು. ಕೊನೆಗೆ ಕೇಳುವ ಪ್ರಶ್ನೆಯೂ ಥೆರಪಿಸ್ಟ್ ಬಗ್ಗೆಯೇ. ಹೀಗಿರುವಾಗ ಕ್ಲೈಂಟ್ ಬಗ್ಗೆ ಪ್ರಶ್ನೆಗೆ ಎಷ್ಟು ಬೇಕೋ ಅಷ್ಟೇ ಬರುತ್ತದೆ: ವಯಸ್ಸು, ಮದುವೆ ಆಗಿದೆಯೋ ಇಲ್ಲವೋ, ಕಾಯಿಲೆಯ ಲಕ್ಷಣ, ಆಮೇಲೆ ಥೆರಪಿಸ್ಟ್‌ಗೆ ತಲೆನೋವು ತಂದ ಆ ಒಂದು ಕೆಲಸ. ಉಡುಗೊರೆ ತಂದರು. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಮಾಡಿದರು. ಫೇಸ್‌ಬುಕ್‌ನಲ್ಲಿ ಫ್ರೆಂಡ್ ರಿಕ್ವೆಸ್ಟ್ ಕಳಿಸಿದರು. ಯಾಕೆ ಹಾಗೆ ಮಾಡಿದಿರಿ ಎಂದು ಅವರನ್ನೇ ಕೇಳಿದ ಒಂದು ಸಾಲು ಹುಡುಕಿ ನೋಡಿ. ಸಿಗುವುದು ಕಷ್ಟ.

ನಮ್ಮಲ್ಲಿ ಈ ಅಭ್ಯಾಸ ಕೇಸ್ ಶೀಟ್‌ನಿಂದಲೇ ಶುರುವಾಗುತ್ತದೆ. ಭಾರತದ ಸೈಕಿಯಾಟ್ರಿ ವಿಭಾಗಗಳಲ್ಲಿ ಕೇಸ್ ಹಿಸ್ಟರಿ ಬರೆಯುವಾಗ ಮೇಲ್ಗಡೆ 'ಇನ್‌ಫಾರ್ಮೆಂಟ್', ಅಂದರೆ ರೋಗಿಯ ಬಗ್ಗೆ ಮಾಹಿತಿ ಕೊಡುವವರು, ಎಂದು ಒಂದು ಜಾಗ ಇರುತ್ತದೆ. ಗಂಡ, ತಾಯಿ, ಅಣ್ಣ, ಯಾರು ಜೊತೆಗೆ ಬಂದಿದ್ದಾರೋ ಅವರ ಹೆಸರು ಅಲ್ಲಿ ಬೀಳುತ್ತದೆ. ಅವರ ಮಾತು ನಂಬುವಂಥದ್ದಾ, ಅವರು ಕೊಟ್ಟ ವಿವರ ಸಾಕಾ ಎಂದು ಪಕ್ಕದಲ್ಲಿ ಬರೆಯುತ್ತಾರೆ. ಕಾಯಿಲೆ ಜೋರಾಗಿ ರೋಗಿ ಮಾತಾಡುವ ಸ್ಥಿತಿಯಲ್ಲಿ ಇಲ್ಲದಾಗ ಇದು ಬೇಕೇ ಬೇಕು, ನಾನು ಹಳಿಯುತ್ತಿಲ್ಲ. ಆದರೆ ಸಂಸಾರದ ಜಗಳಕ್ಕೆ ಬೇಸತ್ತು ಬಂದ ಹೆಂಗಸಿನ ಫೈಲಿನಲ್ಲೂ 'ಇನ್‌ಫಾರ್ಮೆಂಟ್: ಗಂಡ, ನಂಬಬಹುದು' ಎಂದು ಬಿದ್ದರೆ? ಮುಂದೆ ಆ ಫೈಲಿನಿಂದ ಕೇಸ್ ಸ್ಟಡಿ ಹುಟ್ಟಿದಾಗ ಅದರಲ್ಲಿ ಸಿಗುವುದು ಗಂಡ ಕಂಡ ಹೆಂಡತಿ. ಅದನ್ನೂ ಡಾಕ್ಟರು ತಮ್ಮ ಮಾತಿನಲ್ಲಿ ಚಿಕ್ಕದು ಮಾಡಿ ಬರೆದಿರುತ್ತಾರೆ.

ಕ್ಲೈಂಟ್ ಮಾತು ಇಲ್ಲದಿದ್ದರೆ ಏನು ನಷ್ಟ ಎಂದು ಕೇಳುವವರಿಗೆ ಒಂದು ಮಾದರಿ ಕೇಸ್ ಕಟ್ಟಿ ಕೊಡುತ್ತೇನೆ. "ಕ್ಲೈಂಟ್ 34 ವರ್ಷದ ಮಹಿಳೆ, ಖಿನ್ನತೆ, ಎಂಟು ಸೆಷನ್ ಮುಗಿದಿವೆ. ಯುಗಾದಿ ಮರುದಿನ ಹೋಳಿಗೆ ಡಬ್ಬಿ ತಂದು ಥೆರಪಿಸ್ಟ್‌ಗೆ ಕೊಡುತ್ತಾರೆ. ತೆಗೆದುಕೊಳ್ಳಬಹುದೇ?" ಕ್ಲಾಸಿನಲ್ಲಿ ಇದಕ್ಕೆ ಅರ್ಧ ಗಂಟೆ ಚರ್ಚೆ ನಡೆಯುತ್ತದೆ. ಬೆಲೆ ಎಷ್ಟು, ನಮ್ಮ ಸಂಪ್ರದಾಯ ಏನು, ಥೆರಪಿಸ್ಟ್ ಮತ್ತು ಕ್ಲೈಂಟ್ ನಡುವಿನ ಗೆರೆ, ಅಂದರೆ ಬೌಂಡರಿ, ಎಲ್ಲಿ ಹಾಕಬೇಕು. ಒಳ್ಳೆಯ ಚರ್ಚೆಯೇ. ಈಗ ಇದಕ್ಕೆ ಕ್ಲೈಂಟ್ ಮಾತ್ರ ಹೇಳಬಲ್ಲ ಒಂದು ಸಂಗತಿ ಸೇರಿಸಿ. ಹಿಂದಿನ ತಿಂಗಳು ಥೆರಪಿಸ್ಟ್ ಫೀಸ್ ಅರ್ಧಕ್ಕೆ ಇಳಿಸಿದ್ದರು, ಆ ಋಣ ಇವರ ತಲೆ ಕೊರೆಯುತ್ತಿತ್ತು ಅಂದುಕೊಳ್ಳಿ. ಇಲ್ಲವೇ, ಎಷ್ಟೋ ತಿಂಗಳ ನಂತರ ಇವರು ಒಲೆ ಮುಂದೆ ನಿಂತಿದ್ದು ಇದೇ ಮೊದಲು. ಇಲ್ಲವೇ, 'ಹಬ್ಬದ ದಿನ ಬರಿಗೈಲಿ ಹೋಗ್ಬೇಡ' ಎಂದು ಅತ್ತೆಯೇ ಡಬ್ಬಿ ಕೈಗೆ ಕೊಟ್ಟಿದ್ದರು. ಮೊದಲನೆಯದಾದರೆ ಫೀಸ್ ಬಗ್ಗೆ ಬಿಚ್ಚಿ ಮಾತಾಡಬೇಕು. ಎರಡನೆಯದಾದರೆ ಡಬ್ಬಿ ವಾಪಸ್ ಕೊಟ್ಟರೆ ಪೆಟ್ಟು ಬೀಳುತ್ತದೆ. ಮೂರನೆಯದರಲ್ಲಿ ಹೋಳಿಗೆ ಲೆಕ್ಕಕ್ಕೇ ಇಲ್ಲ; ಸೊಸೆ ಎಲ್ಲಿಗೆ ಹೋಗುತ್ತಾಳೆ ಎಂದು ಅತ್ತೆಗೆ ಗೊತ್ತಾಗಿದೆ, ಅದು ಹೇಗೆ ಗೊತ್ತಾಯಿತು ಎಂದು ಕೇಳಬೇಕು. ಕ್ಲೈಂಟ್ ದೃಷ್ಟಿ ಎಂದರೆ ಅನುಕಂಪ ತೋರಿಸುವ ವಿಷಯ ಎಂದು ಬಹಳ ಜನ ತಿಳಿದಿದ್ದಾರೆ. ನಾನು ಅದನ್ನು ಮಾಹಿತಿ ಎಂದು ಲೆಕ್ಕ ಹಾಕುತ್ತೇನೆ. ಅದಿಲ್ಲದೆ ಬರೆದ ಉತ್ತರ ಎಷ್ಟೇ ಚೆನ್ನಾಗಿದ್ದರೂ ಊಹೆ.

ಇನ್ನು ಹಳೆಯ ಕಥೆಗೆ ಬರೋಣ. 1900ರ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ಒಬ್ಬ ತಂದೆ ತಮ್ಮ ಮಗಳನ್ನು ಮನೋವಿಶ್ಲೇಷಣೆ ಶುರುಮಾಡಿದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಹತ್ತಿರ ಕರೆತಂದರು. ಹೆಸರು ಇಡಾ ಬಾವರ್, ವಯಸ್ಸು ಸುಮಾರು ಹದಿನೆಂಟು. ಫ್ರಾಯ್ಡ್ ಬರಹದಲ್ಲಿ ಅವಳು 'ಡೋರಾ'. ಮನೆಗೆ ಬೇಕಾದ ಸ್ನೇಹಿತನೊಬ್ಬ, ವಯಸ್ಸಿನಲ್ಲಿ ತುಂಬಾ ದೊಡ್ಡವನು, ಒಂದು ಕೆರೆಯ ದಡದಲ್ಲಿ ತನ್ನೊಂದಿಗೆ ಕೆಟ್ಟದಾಗಿ ನಡೆದುಕೊಂಡ ಎಂದು ಅವಳು ಮನೆಯಲ್ಲಿ ಹೇಳಿದ್ದಳು. ಅವನು ಇಲ್ಲ ಎಂದ. ತಂದೆ ಅವನನ್ನು ನಂಬಿದರು. ತಂದೆಗೆ ಆ ಸ್ನೇಹಿತನ ಹೆಂಡತಿಯ ಜೊತೆ ಸಂಬಂಧ ಇತ್ತು, ಅದು ಮಗಳಿಗೆ ಗೊತ್ತಿತ್ತು. ಮಗಳಿಗೆ ಬುದ್ಧಿ ಬರುವ ಹಾಗೆ ಮಾಡಿ ಎನ್ನುವುದು ತಂದೆಯ ಕೋರಿಕೆ. ಇನ್‌ಫಾರ್ಮೆಂಟ್ ಯಾರು ನೋಡಿ.

ಫ್ರಾಯ್ಡ್ ಹುಡುಗಿ ಹೇಳಿದ ಘಟನೆಯನ್ನು ನಂಬಿದರು. ಅದಕ್ಕೆ ಅವರಿಗೆ ಅಂಕ ಕೊಡಲೇಬೇಕು, ಆ ಕಾಲಕ್ಕೆ ಅದು ಸಣ್ಣದಲ್ಲ. ಆದರೆ ಅವಳಿಗೆ ಆದ ಅಸಹ್ಯವನ್ನು ನಂಬಲಿಲ್ಲ. ಒಳಗೊಳಗೆ ಅವಳಿಗೂ ಅವನ ಮೇಲೆ ಆಸೆ ಇತ್ತು ಎಂದು ಅರ್ಥ ಹಚ್ಚಿದರು. ಅವಳು ಅಲ್ಲ ಎಂದರೆ, ಆ ನಿರಾಕರಣೆಯೇ ತಮ್ಮ ವಾದಕ್ಕೆ ಸಾಕ್ಷಿ ಎಂದು ಓದಿದರು. ಈ ಆಟದಲ್ಲಿ ಅವಳು ಗೆಲ್ಲುವ ದಾರಿ ಇರಲಿಲ್ಲ. ಡಿಸೆಂಬರ್ 31ರಂದು ಬಂದು, ಇವತ್ತೇ ಕೊನೆ ಎಂದು ಹೇಳಿ ಹೋಗಿಬಿಟ್ಟಳು.

ಕೇಸ್ ಅಚ್ಚಾಗಿದ್ದು 1905ರಲ್ಲಿ. ಅವಳ ಒಪ್ಪಿಗೆ ಕೇಳಿರಲಿಲ್ಲ. ಕೇಳಿ ಪ್ರಯೋಜನ ಇಲ್ಲ, ಯಾರೂ ಒಪ್ಪುವುದಿಲ್ಲ ಎಂಬ ಅರ್ಥದ ಮಾತನ್ನು ಫ್ರಾಯ್ಡ್ ಮುನ್ನುಡಿಯಲ್ಲೇ ಬರೆದಿದ್ದಾರೆ. ಅವಳ ಕೈಗೆ ಇದು ಸಿಕ್ಕರೆ ನೋವಾಗಬಹುದು, ಆದರೆ ಅವಳಿಗೆ ಗೊತ್ತಿಲ್ಲದ್ದು ಇದರಲ್ಲಿ ಏನೂ ಇಲ್ಲ ಎಂದೂ ಹೇಳಿದ್ದಾರೆ. ಈ ಮಾತು ಓದಿದಾಗಲೆಲ್ಲ ನನಗೆ ಕಸಿವಿಸಿ. ತನ್ನ ಬದುಕು ತನಗೆ ಗೊತ್ತಿತ್ತು, ಸರಿ. ಅದನ್ನು ಇನ್ನೊಬ್ಬರು ಹೀಗೆ ಓದಿ, ಹೀಗೆ ತೀರ್ಪು ಕೊಟ್ಟು, ಪತ್ರಿಕೆಯಲ್ಲಿ ಹಾಕುತ್ತಾರೆ ಎನ್ನುವುದು ಅವಳಿಗೆ ಎಲ್ಲಿ ಗೊತ್ತಿತ್ತು?

ಈ ಕೇಸ್‌ನಲ್ಲಿ ಜನ ಗಮನಿಸದೆ ದಾಟುವ ಒಂದು ತುಣುಕು ಕೊನೆಯ ಟಿಪ್ಪಣಿಯಲ್ಲಿದೆ. 1902ರ ಏಪ್ರಿಲ್‌ನಲ್ಲಿ ಅವಳು ಒಮ್ಮೆ ಫ್ರಾಯ್ಡ್‌ರನ್ನು ಕಾಣಲು ಬಂದಳು. ಅಷ್ಟರಲ್ಲಿ ಆ ಸ್ನೇಹಿತ ಮತ್ತು ಅವನ ಹೆಂಡತಿಯ ಮನೆಗೆ ಹೋಗಿ, ತಂದೆಯ ಸಂಬಂಧ ತನಗೆ ಗೊತ್ತು ಎಂದು ಹೆಂಡತಿಯ ಮುಖಕ್ಕೇ ಹೇಳಿದ್ದಳು. ಆಕೆ ಅಲ್ಲ ಎನ್ನಲಿಲ್ಲ. ಕೆರೆಯ ದಡದ ಘಟನೆಯನ್ನು ಡೋರಾ ಆಕೆಯ ಗಂಡನ ಬಾಯಿಂದಲೇ ಒಪ್ಪಿಸಿದ್ದಳು. ಬಂದು ಮನೆಯವರಿಗೆ ತಿಳಿಸಿದಳು. ಅಂದರೆ ಅವಳಿಗೆ ಬೇಕಾಗಿದ್ದು ತಾನು ಹೇಳಿದ್ದು ನಿಜ ಎಂದು ದೊಡ್ಡವರು ಒಪ್ಪಬೇಕು, ಅಷ್ಟೇ. ಥೆರಪಿಯಿಂದ ಸಿಗದ ಅದನ್ನು ತಾನೇ ಹೋಗಿ ಗಿಟ್ಟಿಸಿಕೊಂಡಳು. ಕ್ಲೈಂಟ್ ದೃಷ್ಟಿಯಿಂದ ಬರೆದಿದ್ದರೆ ಕೇಸ್ ಇಲ್ಲಿಂದ ಶುರುವಾಗಬೇಕಿತ್ತು.

ಎರಡನೇ ಕೇಸ್ ನಿಮ್ಮ ಸಿಲಬಸ್‌ನಲ್ಲೂ ಇದ್ದೇ ಇರುತ್ತದೆ: ಟರಾಸಾಫ್. ಇದರಲ್ಲಿ ನಮ್ಮ ದೇಶದ ನಂಟೂ ಇದೆ, ಪಾಠದಲ್ಲಿ ಅದನ್ನು ಹೇಳುವುದು ಕಡಿಮೆ. ಪ್ರೊಸೆನ್‌ಜಿತ್ ಪೋದ್ದಾರ್ ಬಂಗಾಳದವನು. 1967ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಓದಲು ಹೋದ. ದಲಿತ ಕುಟುಂಬದಲ್ಲಿ ಹುಟ್ಟಿದವನು ಎಂದು ಕೋರ್ಟ್ ದಾಖಲೆಯಲ್ಲೇ ಇದೆ. ಅಲ್ಲಿನ ಜಾನಪದ ನೃತ್ಯದ ಕ್ಲಾಸಿನಲ್ಲಿ ಟಟಿಯಾನಾ ಟರಾಸಾಫ್ ಪರಿಚಯ ಆಯಿತು. ಹೊಸ ವರ್ಷದ ಹಿಂದಿನ ರಾತ್ರಿ ಅವಳು ಕೊಟ್ಟ ಒಂದು ಮುತ್ತನ್ನು ಅವನು ಗಟ್ಟಿ ಸಂಬಂಧ ಎಂದುಕೊಂಡ. ಅವಳು ಹಾಗಲ್ಲ ಎಂದಳು. ಅವನು ಕುಸಿದ, ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಸೈಕಾಲಜಿಸ್ಟ್ ಹತ್ತಿರ ಹೋಗತೊಡಗಿದ. 1969ರ ಆಗಸ್ಟ್‌ನಲ್ಲಿ ಅವಳನ್ನು ಕೊಲ್ಲುವ ಯೋಚನೆ ಇದೆ ಎಂದು ಅಲ್ಲಿ ಹೇಳಿದ. ಸೈಕಾಲಜಿಸ್ಟ್ ಕ್ಯಾಂಪಸ್ ಪೊಲೀಸರಿಗೆ ತಿಳಿಸಿದರು. ಪೊಲೀಸರು ವಿಚಾರಿಸಿ, ಹುಡುಗ ಸರಿಯಾಗಿಯೇ ಇದ್ದಾನೆ ಎಂದು ಬಿಟ್ಟರು. ಅವನು ಮತ್ತೆ ಥೆರಪಿಗೆ ಹೋಗಲಿಲ್ಲ. ಅಕ್ಟೋಬರ್ 27ರಂದು ಅವಳನ್ನು ಕೊಂದ.

ಟಟಿಯಾನಾಳ ತಂದೆ ತಾಯಿ ಹೂಡಿದ ಕೇಸ್‌ನಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1976ರಲ್ಲಿ ಹೇಳಿದ್ದು ನಿಮಗೆ ಗೊತ್ತು: ಕ್ಲೈಂಟ್‌ನಿಂದ ಇನ್ನೊಬ್ಬರಿಗೆ ಗಂಭೀರ ಅಪಾಯ ಇದ್ದರೆ ಅವರನ್ನು ಕಾಪಾಡಲು ಥೆರಪಿಸ್ಟ್ ಸೂಕ್ತ ಎಚ್ಚರ ವಹಿಸಬೇಕು. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಕೂಡ ಗೋಪ್ಯತೆಯ ಹಕ್ಕು ಕೊಟ್ಟು, ಬೇರೆಯವರಿಗೆ ಆಗುವ ಹಾನಿ ತಪ್ಪಿಸಲು ವಿನಾಯಿತಿ ಇಟ್ಟಿದೆ. ಇದರ ಬಗ್ಗೆ ನನ್ನ ತಕರಾರು ಇಲ್ಲ. ಒಬ್ಬ ಹುಡುಗಿಯ ಜೀವ ಹೋಗಿದೆ.

ನನ್ನ ತಕರಾರು ಕೇಸ್ ಹೇಳುವ ರೀತಿಯ ಬಗ್ಗೆ. ಪಾಠದಲ್ಲಿ ಪೋದ್ದಾರ್ 'ಅಪಾಯಕಾರಿ ಕ್ಲೈಂಟ್', ಟಟಿಯಾನಾ 'ಗುರುತಿಸಬಹುದಾದ ಬಲಿಪಶು'. ಪರದೇಶಕ್ಕೆ ಬಂದ ಹುಡುಗ ಅಲ್ಲಿನ ಒಡನಾಟವನ್ನು ಹೇಗೆ ಓದಿದ, ಪೊಲೀಸರು ಬಂದಾಗ ಥೆರಪಿಸ್ಟ್ ಬಗ್ಗೆ ಏನು ಅಂದುಕೊಂಡ ಎನ್ನುವ ಪ್ರಶ್ನೆಗಳು ಇವನನ್ನು ಕ್ಷಮಿಸಲು ಬೇಕಾಗಿಲ್ಲ. ಮುಂದಿನ ಕೊಲೆ ತಪ್ಪಿಸಲು ಬೇಕು. ಪೊಲೀಸರಿಗೆ ಹೇಳಿದ ಮೇಲೆ ಕ್ಲೈಂಟ್ ಥೆರಪಿಯಲ್ಲಿ ಉಳಿಯುವ ಹಾಗೆ ಹೇಗೆ ಹೇಳಬೇಕು? ಈ ಕೇಸ್‌ನ ಅತಿ ಕಷ್ಟದ ನೀತಿ ಪ್ರಶ್ನೆ ಇದು ಎಂದು ನನ್ನ ಅಭಿಪ್ರಾಯ. ಪಾಠದಲ್ಲಿ ಇದು ಬರುವುದೇ ಇಲ್ಲ. ಉತ್ತರ ಹುಡುಕಲು ದಾಖಲೆಯೂ ಇಲ್ಲ. ಆಸ್ಪತ್ರೆಯ ಸೈಕಿಯಾಟ್ರಿ ಮುಖ್ಯಸ್ಥರು ಪೊಲೀಸರಿಗೆ ಬರೆದ ಪತ್ರ ವಾಪಸ್ ತರಿಸಿ, ಅದರ ಪ್ರತಿಗಳನ್ನೂ ಥೆರಪಿಯ ನೋಟ್ಸನ್ನೂ ನಾಶ ಮಾಡಲು ಹೇಳಿದ್ದರು. ಇನ್ನು ಟಟಿಯಾನಾ? ಅವಳ ಹೆಸರಲ್ಲೇ ಕೇಸ್ ಇದೆ, ಅವಳ ಒಂದು ಮಾತೂ ಇಲ್ಲ.

ಡೋರಾ, ಪೋದ್ದಾರ್. ಇಬ್ಬರಿಗೂ ಹೋಲಿಕೆ ಇಲ್ಲ. ಆದರೂ ಒಂದು ವಿಷಯ ಸಮ: ಇಬ್ಬರೂ ಬರುವುದು ಬಿಟ್ಟರು. ಕೇಸ್ ಸ್ಟಡಿಗಳಲ್ಲಿ ಇದನ್ನು 'ಡ್ರಾಪ್‌ಔಟ್' ಎಂದು ಒಂದೇ ಪದದಲ್ಲಿ ಮುಗಿಸುತ್ತಾರೆ. ನನ್ನ ಪ್ರಕಾರ ಕ್ಲೈಂಟ್ ದೃಷ್ಟಿ ಹುಡುಕುವವರು ಮೊದಲು ಅಲ್ಲಿಗೇ ಹೋಗಬೇಕು. ಎದುರು ಕೂತವರು ಹೆಚ್ಚು ಓದಿದವರು, ಫೀಸ್ ತಗೊಳ್ಳುವವರು, ನಾವು 'ಅಲ್ಲ' ಎಂದರೆ ಅದಕ್ಕೂ ಅರ್ಥ ಹೇಳುವವರು. ಅಂಥವರಿಗೆ ಬೇಡ ಎಂದು ಹೇಳಲು ಕ್ಲೈಂಟ್‌ಗೆ ಸುಲಭವಾಗಿ ಸಿಗುವ ದಾರಿ ಮುಂದಿನ ವಾರ ಬರದೇ ಇರುವುದು. ಅದರಲ್ಲೂ ನಮ್ಮ ಕಡೆ ಡಾಕ್ಟರ ಎದುರು, ಮೇಡಂ ಎದುರು 'ಹೂಂ' ಅಂದು ಬಂದು ಆಮೇಲೆ ಫೋನ್ ಎತ್ತದೆ ಇರುವವರೇ ಜಾಸ್ತಿ, ಅಲ್ವಾ? ನಿಮ್ಮ ಮುಂದಿನ ಕೇಸ್‌ನಲ್ಲಿ ಕ್ಲೈಂಟ್ ಸೆಷನ್ ತಪ್ಪಿಸಿದರು ಎಂದು ಕಂಡರೆ ಅಲ್ಲಿ ನಿಲ್ಲಿ. ಅದಕ್ಕಿಂತ ಹಿಂದಿನ ಸೆಷನ್‌ನಲ್ಲಿ ಏನಾಯಿತು ಎಂದು ಕೇಳಿ.

ಕ್ಲೈಂಟ್ ಮಾತು ನೇರವಾಗಿ ಸಿಗುವ ಜಾಗ ಒಂದಿದೆ, ಕೋರ್ಟು ಮತ್ತು ದೂರು ಸಮಿತಿಗಳು. ಅಲ್ಲಿ ಅವರು ತಮ್ಮದೇ ಹಕ್ಕಿನಿಂದ ಮಾತಾಡುತ್ತಾರೆ. ನಿಮಗೆ ನೇರ ಸಂಬಂಧ ಇರುವ ಒಂದನ್ನು ಹೇಳುತ್ತೇನೆ. ನ್ಯೂಯಾರ್ಕ್‌ನಲ್ಲಿ ಒಬ್ಬ ಸೈಕಿಯಾಟ್ರಿಸ್ಟ್, ಚಿಕಿತ್ಸೆ ಮುಗಿದು ಎಂಟು ವರ್ಷ ಆದ ಮೇಲೆ, ತಮ್ಮ ಪತಿಯ ಜೊತೆ ಸೇರಿ ಒಂದು ಪುಸ್ತಕ ತಂದರು. ಅದರಲ್ಲಿ ಹಳೆಯ ಕ್ಲೈಂಟ್ ಹೇಳಿದ ಮಾತುಗಳು, ಮನಸ್ಸಿನ ಗುಟ್ಟುಗಳು ಇದ್ದ ಹಾಗೇ ಬಂದಿದ್ದವು. ಆ ಕ್ಲೈಂಟ್ ಕೋರ್ಟಿಗೆ ಹೋದರು. ಚಿಕಿತ್ಸೆ ನಡೆಯುವಾಗ ಬಾಯಿಮಾತಿನಲ್ಲಿ ಒಪ್ಪಿದ್ದರು ಎಂದು ಸೈಕಿಯಾಟ್ರಿಸ್ಟ್ ವಾದಿಸಿದರು. 1977ರಲ್ಲಿ ಕೋರ್ಟ್ ಆ ವಾದ ಒಪ್ಪಲಿಲ್ಲ. ಪುಸ್ತಕ ಹಂಚುವುದಕ್ಕೆ ತಡೆ ಬಿತ್ತು, 20,000 ಡಾಲರ್ ಪರಿಹಾರ ಸಿಕ್ಕಿತು. ಕೋರ್ಟಿನಲ್ಲಿ ಎಲ್ಲರ ಹೆಸರೂ ಬದಲಾಗಿತ್ತು, 'ಡೋ ವಿರುದ್ಧ ರೋ' ಎಂದೇ ಕೇಸ್ ಪ್ರಸಿದ್ಧ. ಆಕೆ ಒಮ್ಮೆ ಹೂಂ ಅಂದಿದ್ದರು ಎಂದೇ ಇಟ್ಟುಕೊಳ್ಳಿ. ಚಿಕಿತ್ಸೆ ಪಡೆಯುತ್ತ ಕೂತಾಗ ಅಂದ ಹೂಂ ಎಷ್ಟು ಸ್ವತಂತ್ರ?

ದೂರಿನ ದಾಖಲೆಗಳಿಗೂ ಒಂದು ಮಿತಿ ಇದೆ. ಅಲ್ಲಿ ಕ್ಲೈಂಟ್ ಗಾಯಗೊಂಡವರಾಗಿ ಮಾತ್ರ ಬರುತ್ತಾರೆ. ಒಳ್ಳೆಯದಾಗಿ ನಡೆದ ಥೆರಪಿಯಲ್ಲಿ ಅವರಿಗೆ ಏನು ಮುಖ್ಯವಾಗಿತ್ತು ಎಂದು ಅಲ್ಲಿ ಸಿಗುವುದಿಲ್ಲ. ಇದಕ್ಕೆ ನನಗೆ ಗೊತ್ತಿರುವ ಅಪರೂಪದ ಉದಾಹರಣೆ ಅಮೆರಿಕದ ಸೈಕಿಯಾಟ್ರಿಸ್ಟ್ ಇರ್ವಿನ್ ಯಾಲಮ್ ಅವರದು. ಬರಹಗಾರ್ತಿಯಾದ ಒಬ್ಬ ಕ್ಲೈಂಟ್‌ಗೆ ಫೀಸ್ ಕೊಡಲು ಆಗುತ್ತಿರಲಿಲ್ಲ. ಅದರ ಬದಲು ಪ್ರತಿ ಸೆಷನ್ ಆದ ಮೇಲೆ ಅನಿಸಿದ್ದನ್ನು ಬರೆದು ಕೊಡಿ, ನಾನೂ ಬರೆಯುತ್ತೇನೆ ಎಂದರು. ಕೆಲವು ತಿಂಗಳಿಗೊಮ್ಮೆ ಒಬ್ಬರದನ್ನು ಒಬ್ಬರು ಓದುತ್ತಿದ್ದರು. 1974ರಲ್ಲಿ ಎರಡೂ ಸೇರಿ ಪುಸ್ತಕ ಆಯಿತು, ಆಕೆಗೆ ಗುಪ್ತನಾಮ ಕೊಟ್ಟು. ಓದಿದರೆ ಒಂದೇ ಸೆಷನ್ ಎರಡು ಬೇರೆ ಊರಲ್ಲಿ ನಡೆದ ಹಾಗಿದೆ. ಯಾಲಮ್ ಹೆಮ್ಮೆಯಿಂದ ಕೊಟ್ಟ ವಿಶ್ಲೇಷಣೆಗಳು ಅವಳ ಕಿವಿಗೇ ಬಿದ್ದಿಲ್ಲ. ಅವಳು ನೆನಪಿಟ್ಟುಕೊಂಡಿದ್ದು ಅವರು ತನ್ನ ಉಡುಪಿನ ಬಗ್ಗೆ ಹೇಳಿದ ಒಳ್ಳೆಯ ಮಾತು, ತಡವಾಗಿ ಬಂದಾಗ ಕೇಳಿದ ಕ್ಷಮೆ, ಇಂಥ ಚಿಲ್ಲರೆ ಸಂಗತಿ. ಯಾಲಮ್ ಇದನ್ನು ಮುಚ್ಚಿಡದೆ ಮುಂದೆಯೂ ಬರೆದರು. ಫೀಸ್ ಬದಲು ಬರಹ ಎಂಬ ಕರಾರೇ ನೀತಿಯ ಕ್ಲಾಸಿನಲ್ಲಿ ಚರ್ಚೆ ಮಾಡಬೇಕಾದ ವಿಷಯ, ಅದು ಬೇರೆ ಮಾತು.

ಕ್ಲಾಸಿನಲ್ಲಿ ಕ್ಲೈಂಟ್ ದೃಷ್ಟಿ ತರೋಣ ಎಂದು ಕೆಲವರು ಒಂದು ಕೆಲಸ ಮಾಡುತ್ತಾರೆ: ಕೇಸ್ ಬರೆದ ಥೆರಪಿಸ್ಟೇ 'ನನಗೆ ತುಂಬಾ ನೋವಾಯಿತು' ಎಂದು ಕ್ಲೈಂಟ್ ಬಾಯಲ್ಲಿ ಎರಡು ಸಾಲು ಇಡುವುದು. ಇದು ನನಗೆ ಇಷ್ಟ ಇಲ್ಲ. ಅದೂ ಥೆರಪಿಸ್ಟ್ ಮಾತೇ. ಅದಕ್ಕಿಂತ 'ಕ್ಲೈಂಟ್ ಇದನ್ನು ಹೇಗೆ ನೋಡಿದರು ಎಂದು ಕೇಳಿಲ್ಲ' ಎಂದು ಬರೆದು ಆ ಜಾಗ ಖಾಲಿ ಬಿಡುವುದು ಪ್ರಾಮಾಣಿಕ. ಓದುವವರಿಗೂ ಅಲ್ಲಿ ಏನೋ ಇಲ್ಲ ಎಂದು ಕಾಣುತ್ತದೆ.

ಈಗ ನಿಮ್ಮ ಕೌನ್ಸೆಲರ್ ಕೇಳಿದ್ದಕ್ಕೆ. ಅವರು ಕೇಳಿದರು ಎನ್ನುವುದೇ ಒಳ್ಳೆಯ ಲಕ್ಷಣ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ನೀತಿ ಸಂಹಿತೆಯ ಪ್ರಕಾರ ಗುರುತು ಸಿಗದ ಹಾಗೆ ವಿವರ ಬದಲಿಸಿದರೂ ಸಾಕು, ಲಿಖಿತ ಒಪ್ಪಿಗೆ ಪಡೆದರೂ ಸಾಕು. ಹಾಗಾಗಿ ಕೇಳದೆಯೇ ಹೆಸರು ಬದಲಿಸಿ ಬರೆಯುವವರು ಬೇಕಾದಷ್ಟು ಇದ್ದಾರೆ.

ಆದರೆ 'ಹೆಸರು ಬದಲಿಸಿ' ಎನ್ನುವ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ. ನ್ಯೂಯಾರ್ಕ್‌ನಲ್ಲಿ ಹೆಸರು ಬದಲಿಸಿದರೆ ಜನಸಾಗರದಲ್ಲಿ ಕರಗಿಹೋಗಬಹುದು. ನಮ್ಮಲ್ಲಿ ತಾಲೂಕು, ಜಾತಿ, ತಂದೆಯ ಕಸುಬು ಹೇಳಿದರೆ ಸಾಕು, 'ಓ, ಇದು ಇಂಥವರ ಮನೆ ಹುಡುಗಿ' ಎಂದು ಗೊತ್ತಾಗುತ್ತದೆ. ಇದನ್ನೆಲ್ಲ ಬದಲಿಸಿದರೆ ಇನ್ನೊಂದು ತೊಂದರೆ: ಜಾತಿಯೇ ಸಮಸ್ಯೆಯ ಬುಡದಲ್ಲಿದ್ದಾಗ ಜಾತಿ ಬದಲಿಸಿದ ಕೇಸ್ ಸುಳ್ಳು ಪಾಠ ಹೇಳುತ್ತದೆ. ಇನ್ನೊಂದು ವಿಷಯ ನಿಮಗೆ ಹೊಳೆದಿದೆಯೋ ಇಲ್ಲವೋ: ನೀವು ಅದೇ ವಿಷಯ ಓದುತ್ತಿರುವವರು, ಅದೇ ಊರಿನವರು. ಆ ಕೇಸ್ ಓದುವವರು ನಿಮ್ಮ ಮೇಷ್ಟ್ರು, ನಿಮ್ಮ ಕ್ಲಾಸಿನವರು, ಮುಂದೆ ನಿಮಗೆ ಕೆಲಸ ಕೊಡುವವರು ಆಗಿರಬಹುದು. ಸೈಕಾಲಜಿ ವಿದ್ಯಾರ್ಥಿನಿ ಎಂಬ ಒಂದು ವಿವರ ಉಳಿದರೂ ಗುರುತು ಸಿಗುತ್ತದೆ.

ನನ್ನ ಸಲಹೆ, ಸೆಷನ್‌ಗಳು ನಡೆಯುತ್ತಿರುವಾಗ ಒಪ್ಪಬೇಡಿ. ಒಪ್ಪಿದರೆ ಮುಂದಿನ ವಾರದಿಂದ ನೀವು ಮಾತಾಡುವ ರೀತಿಯೇ ಬದಲಾಗುತ್ತದೆ, ಬರೆಯುವುದಕ್ಕೆ ಯೋಗ್ಯವಾದದ್ದನ್ನು ಹೇಳಲು ಹೋಗುತ್ತೀರಿ. ಅವರು ಕೇಳುವ ರೀತಿಯೂ ಬದಲಾಗುತ್ತದೆ. ಎಲ್ಲ ಮುಗಿದು ಕೆಲವು ತಿಂಗಳು ಕಳೆದ ಮೇಲೆ ಒಪ್ಪುವ ಮನಸ್ಸಾದರೆ ಬರಹದಲ್ಲೇ ಒಪ್ಪಿ. ಎಲ್ಲಿ ಅಚ್ಚಾಗುತ್ತದೆ, ಯಾರು ಓದುತ್ತಾರೆ ಎಂದು ಮೊದಲು ಕೇಳಿ. ಕಳಿಸುವ ಮುಂಚೆ ಪೂರ್ತಿ ಓದಲು ಕೊಡಬೇಕು, ಅಚ್ಚಾಗುವ ತನಕ ಯಾವಾಗ ಬೇಕಾದರೂ ಬೇಡ ಎನ್ನಬಹುದು ಎನ್ನುವುದು ಒಪ್ಪಂದದಲ್ಲಿ ಇರಲಿ. ಓದಿದಾಗ ಒಪ್ಪಿಗೆ ಆಗದ ಕಡೆ ತಿದ್ದಿಸಿ. ತಿದ್ದಲು ಅವರಿಗೆ ಮನಸ್ಸಿಲ್ಲದಿದ್ದರೆ, ನಿಮ್ಮ ಮಾತನ್ನು ಅದರ ಪಕ್ಕದಲ್ಲೇ ಹಾಕಲಿ.

ಈಗ ಸದ್ಯಕ್ಕೆ 'ಬೇಡ ಮೇಡಂ, ಸೆಷನ್ ಎಲ್ಲ ಮುಗಿದ ಮೇಲೆ ಕೇಳಿ' ಎಂದರೆ ಸಾಕು. ಕಾರಣ ಕೊಡಬೇಕಾಗಿಲ್ಲ. ಹಾಗೆ ಹೇಳಿದ ಮೇಲೆ ಅವರು ಸಪ್ಪಗಾದರು, ಮಾತು ಕಡಿಮೆ ಮಾಡಿದರು ಅನಿಸಿದರೆ ಸುಮ್ನೆ ಹೋಗುವುದು ನಿಲ್ಲಿಸಬೇಡಿ. ನಿಮಗೆ ಹಾಗನಿಸಿತು ಎಂದು ಮುಂದಿನ ಸೆಷನ್‌ನಲ್ಲಿ ಅವರಿಗೇ ಹೇಳಿ, ಅವರು ಅದನ್ನು ಹೇಗೆ ತಗೊಳ್ಳುತ್ತಾರೆ ನೋಡಿ, ಆಮೇಲೆ ಮುಂದುವರಿಸಬೇಕೋ ಬೇಡವೋ ತೀರ್ಮಾನ ಮಾಡಿ.